ಡ್ರೋನಿಗೂ ಒಂದಿಷ್ಟು ಪಟ್ಟಿ ಕೊಡ್ರಿ

ಮೊನ್ನೆ ನಮ್ಮಕ್ಕನ ಮಗ ಕಾಲೇಜಿನ ಗೆಳೆಯರ ಜೋಡಿ ಪಟ್ಟಿ ಎತ್ತಲಿಕ್ಕೆ ಬಂದಿದ್ದ. ಗಣಪತಿಗಲ್ಲ, ಡ್ರೋನ್ ರೇಸಿಗೆ! ರಿಮೋಟ್ ಹಿಡಿಯೋರು ಯಾರೂ ಇರಂಗಿಲ್ಲ. ಡ್ರೋನ್ ಕ್ಯಾಮೆರಾದಾಗ ಗೇಟ್ ನೋಡಿ ತಾನೇ ನುಗ್ಗಬೇಕು. 2025ರ ಏಪ್ರಿಲ್‌ನಾಗ ಅಬುಧಾಬಿಯೊಳಗ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಡ್ರೋನ್, ಒಂದೇ ಕ್ಯಾಮೆರಾ ಇಟ್ಕೊಂಡು, ಮನುಷ್ಯ ಚಾಂಪಿಯನ್ನರನ್ನೇ ಸೋಲಿಸಿತ್ತು.

"ಒಡದ್ರ ರೊಕ್ಕ ನೀರಾಗ ಹೋತಲ್ಲೋ?" ಅಂದ್ರು ನಮ್ಮತ್ತಿ.

"ಒಡೀತದ ಅಜ್ಜಿ. ಒಡದ್ರನ ಪ್ರೋಗ್ರಾಮಿನ ತಪ್ಪು ಗೊತ್ತಾಗೋದು."

ನನಗ ಆ ಮಾತು ಖರೆ ಅನಿಸ್ತು. ಗಣಪತಿ ಪಟ್ಟಿಗೆ ಬಾಯಿ ಮುಚ್ಚಿ ಕೊಡ್ತೇವಿ, ಇವರಿಗೆ ಮಾತ್ರ "ಗೆಲ್ತೀರೇನು?" ಅಂತೇವಿ. ಕೇಳಬೇಕಾದ್ದು ಖರ್ಚಿನ ಲೆಕ್ಕ. ಬ್ಯಾಟರಿ, ಪ್ರೊಪೆಲ್ಲರ್, ಪ್ರಯಾಣ, ಎಲ್ಲಾ ಬರೆದು ತೋರಿಸಿದ್ರು. ಐದುನೂರು ಕೊಟ್ಟೆ. ಸೋತು ಬಂದ್ರೂ ಮುಂದಿನ ವರ್ಷ ಕೊಡಾಕಿನ.