ಹೊಸಬಳ ಸರದಿ

ಅಮೇರಿಕಾದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ರಚಿಸಿ 1974ರಲ್ಲಿ ಹೊರತಂದ ‘ಡಂಜನ್ಸ್ ಆಂಡ್ ಡ್ರಾಗನ್ಸ್’ ಎಂಬ ಆಟವನ್ನು ನಮ್ಮ ವಿದ್ಯಾರ್ಥಿನಿಯರು ಶನಿವಾರಗಳಲ್ಲಿ ಆಡುತ್ತಿರುವರು. ಒಬ್ಬಳು ಕಥೆಯನ್ನು ನಡೆಯಿಸುವಳು. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ ಮಾತಿನಲ್ಲಿಯೇ ಸಾಹಸಗೈಯುವರು. ಸಂದಿಗ್ಧ ಕಾರ್ಯದ ಫಲವನ್ನು ಇಪ್ಪತ್ತು ಮುಖಗಳ ದಾಳವು ನಿರ್ಣಯಿಸುವುದು.

ಹೊಸಬಳು ಮೊದಲು ನಿಯಮಗ್ರಂಥವನ್ನೋದಬೇಕೆಂದು ಕೆಲವರ ಮತ. ಇದನ್ನು ನಾವೊಪ್ಪಲಾರೆವು. ಮಾತು ಕಲಿಯುವ ಶಿಶುವಿನ ಮುಂದೆ ಶಬ್ದಮಣಿದರ್ಪಣವನ್ನಿಡುವರುಂಟೇ? ಸಿದ್ಧಪಡಿಸಿದ ಪಾತ್ರವೊಂದನ್ನು ಕೈಗಿತ್ತು, “ಬಾಗಿಲು ಮುಚ್ಚಿದೆ, ನೀನೇನು ಮಾಡುವೆ?” ಎಂದು ಕೇಳಿದರೆ ಸಾಕು. ಕಥೆಯಲ್ಲಿ ಯಾವ ಭಯಾನಕ ಸಂಗತಿಗಳು ಬಾರದಿರಬೇಕೆಂಬುದನ್ನು ಮಾತ್ರ ಎಲ್ಲರೂ ಕೂಡಿ ಮುಂಚಿತವಾಗಿ ಗೊತ್ತುಮಾಡತಕ್ಕದ್ದು.

ಕಳೆದ ವರ್ಷ ನಮ್ಮಿಂದಲೇ ಒಂದು ತಪ್ಪಾಯಿತು. ಮಿತಭಾಷಿಣಿಯಾದ ಒಬ್ಬ ಹೊಸ ಹುಡುಗಿಯ ಸರದಿ ಬಂದಾಗಲೆಲ್ಲ, ಆಟ ಬಲ್ಲ ಹುಡುಗಿಯರು ಆಕೆಗೆ ಬದಲಾಗಿ ಉತ್ತರವೀಯುತ್ತಿದ್ದರು. ನಾವು ಅದನ್ನು ಸಹಾಯವೆಂದೇ ಭಾವಿಸಿದೆವು. ಮೂರನೆಯ ಶನಿವಾರ ಆಕೆ ಬರಲಿಲ್ಲ.

ಆದುದರಿಂದ ಈಗ ನಾವು ಹಳಬರಿಗೇ ಮೊದಲು ಪಾಠ ಹೇಳುತ್ತೇವೆ: ಹೊಸಬಳ ಸರದಿಯಲ್ಲಿ ಮೌನವಾಗಿ ಕಾಯತಕ್ಕದ್ದು, ಆಕೆ ತಪ್ಪಿದರೂ ಆ ತಪ್ಪು ಆಕೆಯದೇ ಆಗಿರಲಿ. ಮಾತಾಪಿತೃಗಳೇ, ನಮ್ಮ ಹೆಣ್ಣುಮಕ್ಕಳಿಗೆ ಬದಲಾಗಿ ಉತ್ತರ ಹೇಳುವವರು ಮನೆಯಲ್ಲಿಯೂ ಶಾಲೆಯಲ್ಲಿಯೂ ಬಹು ಮಂದಿ ಇದ್ದೇವೆ. ಸ್ವಲ್ಪ ಕಾದು ನೋಡೋಣ.