ಜೀರ್ಣಮಾರ್ಗದ ವ್ಯಾಮೋಹ

ಟೊರಾಂಟೋ ನಗರದಲ್ಲಿ 1955 ರಿಂದ 1966 ರ ವರೆಗೆ ಕಟ್ಟಲ್ಪಟ್ಟ ಗಾರ್ಡಿನರ್ ಹೆದ್ದಾರಿಯಲ್ಲಿ ಕಂಬಗಳ ಮೇಲಣ ಭಾಗವು ಜೀರ್ಣವಾಗಿರುವುದಷ್ಟೆ. ಹಿಮವನ್ನು ಕರಗಿಸಲು ಚೆಲ್ಲಿದ ಉಪ್ಪು ಒಳಗಣ ಉಕ್ಕಿನ ಸರಳುಗಳನ್ನು ತಿಂದಿರುವುದು. ಆದರೂ 2015 ರಲ್ಲಿ ನಗರಸಭೆಯು ಪೂರ್ವಭಾಗವನ್ನು ಕೆಡಹದೆ ಮಾರ್ಪಡಿಸಿ ಉಳಿಸಿಕೊಳ್ಳುವುದೆಂದು ನಿಶ್ಚಯಿಸಿತು. ಕೆಡಹಿದರೆ ಸಂಚಾರವು ಸ್ತಂಭಿಸುವುದೆಂಬುದೇ ಆ ಪಕ್ಷದವರ ವಾದವು. ಇದು ಪ್ರತ್ಯಕ್ಷವಿರುದ್ಧವು. ಸಾನ್ ಫ್ರಾನ್ಸಿಸ್ಕೋ ನಗರವು 1991 ರಲ್ಲಿ ಕಡಲಂಚಿನ ಇಂತಹುದೇ ಹೆದ್ದಾರಿಯನ್ನು ಕೆಡಹಿಸಿತು. ಸಿಯೋಲ್ ನಗರವು 2003 ರಲ್ಲಿ ಕೆಡಹತೊಡಗಿ, 2005 ರಲ್ಲಿ ಅದರಡಿಯ ಹೊಳೆಯನ್ನೇ ಮರಳಿ ಪಡೆಯಿತು. ಎರಡೂ ನಗರಗಳಲ್ಲಿ ಸಂಚಾರವು ನಿಂತಿಲ್ಲ. ಅಗಲಿಸಿದಷ್ಟೂ ಗಾಡಿಗಳು ತುಂಬುವುದರಿಂದ, ರಸ್ತೆಯ ವಿಸ್ತರಣವೂ ತುಪ್ಪದಿಂದ ಬೆಂಕಿಯನ್ನು ಆರಿಸುವ ಯತ್ನವೇ. 2023 ರಲ್ಲಿ ಪ್ರಾಂತದ ಸರ್ಕಾರವು ಹೆದ್ದಾರಿಯ ಭಾರವನ್ನು ವಹಿಸಿಕೊಳ್ಳಲೊಪ್ಪಿತು. ತೆರುವ ಕೈ ಬದಲಾದ ಮಾತ್ರಕ್ಕೆ ವೆಚ್ಚವು ಕುಗ್ಗಲಾರದು. ತಂದೆ ತೋಡಿಸಿದ ಬಾವಿಯೆಂದು ಉಪ್ಪುನೀರು ಕುಡಿಯುವುದು ಪಿತೃಭಕ್ತಿಯಲ್ಲ, ಅವಿವೇಕವು.