ಕಲಿಸಿದವರೇ ಪಾಸು ಮಾಡಿದರೆ ಸಾಲದು

ಡ್ರೋನ್ ಹಾರಿಸಿ ದುಡಿಯಬೇಕೆನ್ನುವವರ ಹಾದಿ 2021ರಿಂದ ಈಚೆಗೆ ಬಹಳ ಸಲೀಸಾಗಿದೆ. ಆ ವರ್ಷ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು 25 ಅರ್ಜಿ ನಮೂನೆಗಳನ್ನು 5ಕ್ಕೆ, 72 ಬಗೆಯ ಶುಲ್ಕಗಳನ್ನು 4ಕ್ಕೆ ಇಳಿಸಿದವು. 2022ರ ಫೆಬ್ರುವರಿ ತಿದ್ದುಪಡಿ ಲೈಸೆನ್ಸ್ ಪದ್ಧತಿಯನ್ನೇ ಕೈಬಿಟ್ಟು, ಮಾನ್ಯತೆ ಪಡೆದ ತರಬೇತಿ ಸಂಸ್ಥೆ ನೀಡುವ ರಿಮೋಟ್ ಪೈಲಟ್ ಪ್ರಮಾಣಪತ್ರ ಸಾಕು ಎಂದಿತು. 2023ರಲ್ಲಿ ಪಾಸ್‌ಪೋರ್ಟ್ ಕಡ್ಡಾಯವೂ ಹೋಯಿತು. ಮತದಾರರ ಗುರುತಿನ ಚೀಟಿಯೋ ಪಡಿತರ ಚೀಟಿಯೋ ಇದ್ದರೆ ನಡೆಯುತ್ತದೆ. ಹಳ್ಳಿಯ ಮಕ್ಕಳಿಗೆ ಇದರಿಂದ ಆದ ಅನುಕೂಲ ದೊಡ್ಡದು, ಅದನ್ನು ಕಿತ್ತುಕೊಳ್ಳಬಾರದು. ಆದರೆ ಸರಳಗೊಳಿಸುವ ಭರದಲ್ಲಿ ಒಂದು ಮೂಲ ತತ್ವ ಬಿಟ್ಟುಹೋಗಿದೆ. ಶುಲ್ಕ ಪಡೆಯುವ, ಪಾಠ ಹೇಳುವ, ಪರೀಕ್ಷೆ ನಡೆಸುವ, ಕೊನೆಗೆ ಪ್ರಮಾಣಪತ್ರ ಕೊಡುವ ಸಂಸ್ಥೆ ಈಗ ಒಂದೇ. ಇದು ಡ್ರೈವಿಂಗ್ ಸ್ಕೂಲಿನವರೇ ಡಿಎಲ್ ಕೊಟ್ಟಂತೆ. ಕಲಿಸುವವರನ್ನೂ ಪರೀಕ್ಷಿಸುವವರನ್ನೂ ಬೇರ್ಪಡಿಸದೆ ಈ ಪ್ರಮಾಣಪತ್ರಕ್ಕೆ ಬೆಲೆ ಬರುವುದಿಲ್ಲ.

ನಿಯಮದ ಪ್ರಕಾರ 250 ಗ್ರಾಂ ಒಳಗಿನ ನ್ಯಾನೊ ಡ್ರೋನ್‌ಗೆ ಪ್ರಮಾಣಪತ್ರ ಬೇಡ. 2 ಕೆ.ಜಿ.ವರೆಗಿನ ಮೈಕ್ರೊ ಡ್ರೋನನ್ನು ಹವ್ಯಾಸಕ್ಕೆ ಹಾರಿಸುವುದಕ್ಕೂ ಬೇಡ, ದುಡಿಮೆಗಾದರೆ ಬೇಕು. 2ರಿಂದ 25 ಕೆ.ಜಿ.ವರೆಗಿನ ‘ಸ್ಮಾಲ್’ ವರ್ಗಕ್ಕೆ ಎಲ್ಲರಿಗೂ ಬೇಕು. ಎಸ್ಸೆಸ್ಸೆಲ್ಸಿ ಪಾಸಾದ, 18ರಿಂದ 65 ವರ್ಷದೊಳಗಿನ ಯಾರಾದರೂ ಕೆಲವೇ ದಿನಗಳ ತರಬೇತಿಯಿಂದ ಇದನ್ನು ಪಡೆಯಬಹುದು. ಅದು ಹತ್ತು ವರ್ಷ ಚಾಲ್ತಿಯಲ್ಲಿರುತ್ತದೆ. ಇಷ್ಟು ದೀರ್ಘಕಾಲ ನಡೆಯುವ ಅರ್ಹತೆಯನ್ನು ಅಳೆಯುವ ಪರೀಕ್ಷೆ ಬಿಗಿಯಾಗಿರಬೇಡವೇ? ಹೊಲಕ್ಕೆ ಔಷಧಿ ಹೊಡೆಯುವ ಡ್ರೋನನ್ನೇ ನೋಡಿ. ಟೊಮೆಟೊ ತೋಟದ ಪಕ್ಕದಲ್ಲೇ ಹಿಪ್ಪುನೇರಳೆ ಇರುವುದು ಕೋಲಾರ, ಶಿಡ್ಲಘಟ್ಟದ ಕಡೆ ಸಾಮಾನ್ಯ. ಗಾಳಿ ಯಾವ ಕಡೆಗಿದೆ ಎಂದು ನೋಡದೆ, ಹಾರಾಟದ ಎತ್ತರ ತಗ್ಗಿಸದೆ ಸಿಂಪಡಿಸಿದರೆ ಕೀಟನಾಶಕದ ಹನಿ ನೆರೆಯವರ ಸೊಪ್ಪಿನ ಮೇಲೆ ಕೂರುತ್ತದೆ. ಆ ಸೊಪ್ಪು ತಿಂದ ರೇಷ್ಮೆ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಆ ಮನೆಯವರ ಒಂದು ಬೆಳೆಯೇ ಹೋಗುತ್ತದೆ. ಮೇಲೇರಿಸಿ ಇಳಿಸುವುದನ್ನು ಯಂತ್ರವೇ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ಇವತ್ತು ಹಾರಿಸಬೇಕೋ ಬೇಡವೋ ಎನ್ನುವ ವಿವೇಚನೆ ಮಾತ್ರ ಪೈಲಟ್‌ನದು, ಪರೀಕ್ಷೆ ಅಳೆಯಬೇಕಾದ್ದೂ ಅದನ್ನೇ.

ಅಮೆರಿಕ 2016ರಿಂದ ಬೇರೆ ದಾರಿ ಹಿಡಿದಿದೆ. ಅಲ್ಲಿನ ವಿಮಾನಯಾನ ಆಡಳಿತದ ‘ಪಾರ್ಟ್ 107’ ನಿಯಮದಂತೆ ತರಬೇತಿ ಕಡ್ಡಾಯವಲ್ಲ, ಪರೀಕ್ಷೆ ಕಡ್ಡಾಯ. ಮಾನ್ಯತೆ ಪಡೆದ ಕೇಂದ್ರದಲ್ಲಿ ಕೂತು 60 ಪ್ರಶ್ನೆಗಳಿಗೆ ಉತ್ತರಿಸಿ ಶೇ 70 ಅಂಕ ಪಡೆಯಬೇಕು. ಹವಾಮಾನ, ವಾಯುಪ್ರದೇಶದ ನಕ್ಷೆ, ತುರ್ತು ಸಂದರ್ಭ ಎಲ್ಲವೂ ಅದರಲ್ಲಿ ಬರುತ್ತವೆ. ಪುಸ್ತಕ ಓದಿ ಬಂದವನಿಗೂ ದುಬಾರಿ ಕೋರ್ಸ್ ಮಾಡಿ ಬಂದವನಿಗೂ ಅಳತೆಗೋಲು ಒಂದೇ. ಪ್ರತಿ 24 ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ಉಚಿತವಾಗಿ ಜ್ಞಾನವನ್ನು ನವೀಕರಿಸಿಕೊಳ್ಳಬೇಕು. ಕೊರತೆಯೂ ಉಂಟು: ಅಲ್ಲಿ ಹಾರಾಟದ ಪ್ರಾಯೋಗಿಕ ಪರೀಕ್ಷೆ ಇಲ್ಲ. ನಮ್ಮಲ್ಲಿ ಮೈದಾನದ ಅಭ್ಯಾಸ ಕಡ್ಡಾಯವಾಗಿರುವುದು ಒಳ್ಳೆಯ ಅಂಶ. ಅದನ್ನು ಉಳಿಸಿಕೊಂಡು ಅವರ ಸ್ವತಂತ್ರ ಪರೀಕ್ಷೆಯನ್ನು ಸೇರಿಸಿಕೊಂಡರೆ ಎರಡೂ ವ್ಯವಸ್ಥೆಗಳ ಒಳಿತು ದಕ್ಕುತ್ತದೆ.

ಇದು ಲೈಸೆನ್ಸ್ ರಾಜ್ಯವನ್ನು ಮತ್ತೆ ತರುತ್ತದೆ ಎಂಬ ಆಕ್ಷೇಪ ಬರಬಹುದು. ಅಧಿಕಾರಿಯ ಸಹಿಗೆ ತಿಂಗಳುಗಟ್ಟಲೆ ಕಾಯುವಂತಾದರೆ ಆ ಆಕ್ಷೇಪ ನ್ಯಾಯವೇ. ಆದರೆ ಕಂಪ್ಯೂಟರ್‌ನಲ್ಲಿ ನಡೆಯುವ, ಅಂದೇ ಫಲಿತಾಂಶ ಕೊಡುವ ಪರೀಕ್ಷೆಯಲ್ಲಿ ಸಹಿಗೇನು ಕೆಲಸ? ಬಡವರಿಗೆ ಮತ್ತೊಂದು ಖರ್ಚು ಎನ್ನುವವರಿಗೂ ಉತ್ತರವಿದೆ. ಇವತ್ತಿನ ದೊಡ್ಡ ಖರ್ಚು ಕಡ್ಡಾಯ ತರಬೇತಿಯದು. ಸ್ವತಂತ್ರ ಪರೀಕ್ಷೆ ಬಂದರೆ, ವರ್ಷಗಳಿಂದ ಮದುವೆಗಳಲ್ಲಿ ಡ್ರೋನ್ ಹಾರಿಸಿ ಪಳಗಿದ ಛಾಯಾಗ್ರಾಹಕ ಪೂರ್ತಿ ಕೋರ್ಸ್‌ಗೆ ದುಡ್ಡು ಸುರಿಯದೆ ನೇರವಾಗಿ ಪರೀಕ್ಷೆಗೆ ಕೂರುವಂತೆ ಮಾಡಬಹುದು. ಕೈಚಳಕವನ್ನು ಕಾಗದದಲ್ಲಿ ಅಳೆಯಲಾಗದು ಎಂಬ ಮಾತೂ ನಿಜ. ಅದಕ್ಕೇ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬರಬೇಕು. ಡ್ರೋನ್ ತಾನು ಹಾರಿದ ಎತ್ತರ, ವೇಗ, ಪಥವನ್ನೆಲ್ಲ ದಾಖಲಿಸಿಕೊಳ್ಳುವುದರಿಂದ ಅಂಕ ಸರಿಯೇ ಎಂದು ಆಮೇಲೂ ತಾಳೆ ನೋಡಬಹುದು. ಪುನರ್‌ಮನನ ಕೋರ್ಸ್ ವಿಧಿಸುವ ಅವಕಾಶ ಈಗಿನ ನಿಯಮದಲ್ಲೇ ಇದೆ. ಎರಡು ವರ್ಷಕ್ಕೊಮ್ಮೆ ಉಚಿತವಾಗಿ ನಡೆಸಿದರೆ ಸಾಕು.

ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿದೆ. ಅದರಡಿ ಪೈಲಟ್ ತರಬೇತಿ ಐದು ದಿನ, ಕೃಷಿ ಬಳಕೆಯ ತರಬೇತಿ ಹತ್ತು ದಿನ. ಈ ಹೆಣ್ಣುಮಕ್ಕಳನ್ನು ನಂಬಿ ರೈತರು ಹೊಲ ಬಿಟ್ಟುಕೊಡಬೇಕಾದರೆ ಅವರ ಕೈಯಲ್ಲಿರುವ ಪ್ರಮಾಣಪತ್ರಕ್ಕೆ ತೂಕ ಇರಬೇಕು. ಪರೀಕ್ಷೆ ಕನ್ನಡದಲ್ಲೂ ಇರಬೇಕು; ಗಾಳಿಯ ದಿಕ್ಕು, ಔಷಧಿಯ ಪ್ರಮಾಣ ಬಲ್ಲವಳು ಇಂಗ್ಲಿಷ್ ಪ್ರಶ್ನೆ ಅರ್ಥವಾಗದೆ ಸೋಲಬಾರದು. ಪ್ರವೇಶ ಸುಲಭವಾಗಿರಲಿ, ಪರೀಕ್ಷೆ ಪ್ರಾಮಾಣಿಕವಾಗಿರಲಿ. ತರಬೇತಿ ಸಂಸ್ಥೆಗಳಿಗೆ ಕಲಿಸುವ ಕೆಲಸವನ್ನು ಉಳಿಸಿ, ಪಾಸು ಮಾಡುವ ಅಧಿಕಾರವನ್ನು ಮಾತ್ರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಅವುಗಳಿಂದ ವಾಪಸು ಪಡೆಯಬೇಕು.